ಮುಟ್ಟಿದ ಕಾಯಿ

ದಿನದ ಚಿಂತನೆ: ಭಾನುವಾರ

ಧಮ್ಮ ಬಂಧುಗಳೇ,

ಈ ವಾರದ ಸರದಿ ನನ್ನದು. ಕರುಣೆಯ ಬಗ್ಗೆ ನಾಲ್ಕು ಮಾತು ಬರೆಯಿರಿ ಎಂದು ಹೇಳಿದ್ದಿರಿ. ಬರೆಯಲು ಕೂತಾಗ ನೆನಪಾದದ್ದು ಯಾವ ಸುತ್ತವೂ ಅಲ್ಲ, ಒಂದು ಚೆಸ್ ಆಟ. ಎರಡು ತಿಂಗಳ ಹಿಂದೆ ನಮ್ಮ ಭಾನುವಾರದ ಕೂಟದಲ್ಲಿ ಆ ಆಟದ ಕತೆಯನ್ನು ನಾನೇ ಹೇಳಿದ್ದೆ. ನೀವೆಲ್ಲ ಮೂರು ಸಲ ಸಾಧು ಎಂದಿದ್ದಿರಿ. ಅವತ್ತು ನಾನು ಹೇಳಿದ್ದು ತಪ್ಪು. ಅದನ್ನು ತಿದ್ದಿಕೊಳ್ಳಲು ಈ ಬರಹ. ಸ್ವಲ್ಪ ಉದ್ದವಾಗಿದೆ, ಕ್ಷಮೆಯಿರಲಿ.

ಅವತ್ತು ಇಲ್ಲದವರಿಗಾಗಿ ಮೊದಲಿನಿಂದ ಹೇಳುತ್ತೇನೆ.

ಜಕ್ಕೂರಿನ ಒಂದು ಅಪಾರ್ಟ್‌ಮೆಂಟಿನ ಕ್ಲಬ್‌ಹೌಸಿನಲ್ಲಿ ಮಕ್ಕಳ ರ‍್ಯಾಪಿಡ್ ಚೆಸ್ ಪಂದ್ಯಾವಳಿ ಇತ್ತು. ಶಾಲೆ ಬಿಟ್ಟ ಮೇಲೆ ನನ್ನ ಹತ್ತಿರ ಚೆಸ್ ಆಡುವ ಆರು ಮಕ್ಕಳನ್ನು ಕರೆದುಕೊಂಡು ಹೋಗಿದ್ದೆ. ಅವರ ಪ್ರವೇಶ ಶುಲ್ಕವನ್ನು ನೀವೇ ಕೆಲವರು ಹಂಚಿಕೊಂಡು ಕಟ್ಟಿದ್ದಿರಿ. ನಾನೇನೂ ದೊಡ್ಡ ಆಟಗಾರ್ತಿಯಲ್ಲ. ಕನ್ನಡ ಪಾಠ ಮಾಡುವವಳು. ಮಕ್ಕಳಿಗೆ ಕಲಿಸುತ್ತಾ ಕಲಿಸುತ್ತಾ ನಾನೂ ಕಲಿತೆ.

ರ‍್ಯಾಪಿಡ್ ಎಂದರೆ ವೇಗದ ಆಟ. ಒಬ್ಬೊಬ್ಬರಿಗೆ ಹತ್ತು ನಿಮಿಷಕ್ಕಿಂತ ಹೆಚ್ಚು, ಒಂದು ಗಂಟೆಗಿಂತ ಕಡಿಮೆ ಸಮಯ. ಅವತ್ತು 15 ನಿಮಿಷ, ಜೊತೆಗೆ ಪ್ರತಿ ನಡೆಗೆ 5 ಸೆಕೆಂಡ್ ಸೇರುತ್ತಿತ್ತು. ಸುಮಾರು ನಲವತ್ತು ಬೋರ್ಡು, ನೋಡಿಕೊಳ್ಳಲು ಇಬ್ಬರೇ ಆರ್ಬಿಟರ್. ಎಲ್ಲ ಬೋರ್ಡಿನ ಮೇಲೂ ಅವರ ಕಣ್ಣಿರಲು ಸಾಧ್ಯವಿಲ್ಲ. ಎದುರಾಳಿ ನಿಯಮ ಮುರಿದರೆ ಆಡುವವರೇ ಗಡಿಯಾರ ನಿಲ್ಲಿಸಿ ಕೈ ಎತ್ತಬೇಕು.

ಎಂಟನೇ ಕ್ಲಾಸಿನ ಒಬ್ಬ ಹುಡುಗಿ ಐದನೇ ಸುತ್ತಿನಲ್ಲಿ ಕಪ್ಪು ಕಾಯಿ ಹಿಡಿದು ಕೂತಳು. ಅವಳ ಅಪ್ಪ ಮನೆಗಳಿಗೆ ಪೇಂಟ್ ಮಾಡುವವರು. ಅಮ್ಮ ಅದೇ ಅಪಾರ್ಟ್‌ಮೆಂಟಿನಲ್ಲಿ ಎರಡು ಮನೆ ಕೆಲಸ ಮಾಡುತ್ತಾರೆ. ಎದುರಿಗೆ ಅದೇ ಅಪಾರ್ಟ್‌ಮೆಂಟಿನ ಒಬ್ಬ ಹುಡುಗ. ಅವನಿಗೆ ಸ್ವಂತ ಕೋಚ್ ಇದ್ದರು.

ಹುಡುಗ ರಾಜನ ಮುಂದಿನ ಪಾನನ್ನು ಎರಡು ಮನೆ ಮುಂದಿಟ್ಟ. ಇವಳು ಅದನ್ನೇ ನಕಲು ಮಾಡಲಿಲ್ಲ. ಕ್ವೀನ್ ಪಕ್ಕದ ಒಂಟೆಯ ಮುಂದಿನ ಪಾನನ್ನು ಎರಡು ಮನೆ ನಡೆಸಿದಳು. ಇದಕ್ಕೆ ಸಿಸಿಲಿಯನ್ ಎನ್ನುತ್ತಾರೆ. 16ನೇ ಶತಮಾನದ ಕೊನೆಯ ಇಟಲಿಯ ಆಟಗಾರರ ಟಿಪ್ಪಣಿಗಳಲ್ಲೇ ಇದು ಇದೆ. ಮೊದಲು ನಡೆಯುವ ಅವಕಾಶ ಬಿಳಿಗೆ. ಎರಡನೆಯವರಾಗಿ ಕೂತವರು ಮೊದಲನೆಯವರಂತೆಯೇ ನಡೆಯುತ್ತಾ ಹೋದರೆ ಸಾಮಾನ್ಯವಾಗಿ ಒಂದು ಹೆಜ್ಜೆ ಹಿಂದೆಯೇ ಉಳಿಯುತ್ತಾರೆ. ಸಿಸಿಲಿಯನ್ ಆಡುವವರು ಪಕ್ಕದ ಪಾನನ್ನು ಕೊಟ್ಟು, ಬಿಳಿಯ ನಡುವಿನ ಪಾನನ್ನು ತೆಗೆದುಕೊಳ್ಳುತ್ತಾರೆ. ಆಗ ಕಪ್ಪು ಆನೆಗೆ ಒಂದು ದಾರಿ ತೆರೆದುಕೊಳ್ಳುತ್ತದೆ. ನಮ್ಮ ಹುಡುಗಿಗೆ ಈ ಆಟ ಬಹಳ ಇಷ್ಟ.

ಮೂವತ್ತು ನಡೆಗಳ ಹತ್ತಿರ ಕ್ವೀನುಗಳು ಹೋಗಿ ಇಬ್ಬರಲ್ಲೂ ಒಂದೊಂದು ಆನೆ, ಒಂದೊಂದು ಕುದುರೆ, ಒಂದಷ್ಟು ಪಾನು ಉಳಿದಿದ್ದವು. ಅವಳ ಪಾನೊಂದು ಮುಂದೆ ನುಗ್ಗಿ ಹುಡುಗನ ಕುದುರೆಯನ್ನು ಬೋರ್ಡಿನ ಅಂಚಿಗೆ ಓಡಿಸಿತ್ತು. ಅವಳ ಆನೆ ತೆರೆದ ದಾರಿಯಲ್ಲಿ ನಿಂತಿತ್ತು. ಹುಡುಗನ ರಾಜ ತನ್ನದೇ ಮೂರು ಪಾನುಗಳ ಹಿಂದೆ ಕೂತಿದ್ದ. ಆನೆ ದಾರಿಯ ಕೊನೆಯ ಮನೆಗೆ ಇಳಿದರೆ ಕತೆ ಮುಗಿಯುತ್ತಿತ್ತು. ಆ ಒಂದು ಮನೆಗೆ ಕಾವಲಿದ್ದದ್ದು ಅಂಚಿನ ಆ ಕುದುರೆ ಮಾತ್ರ.

ಹುಡುಗನ ಕಣ್ಣಿಗೆ ಬಿದ್ದದ್ದು ಬಿಟ್ಟಿ ಸಿಗುವ ಪಾನು. ಕುದುರೆಯನ್ನು ಎತ್ತಿದ. ಎತ್ತಿದ ಮೇಲೆ ಕಪ್ಪು ಆನೆ ಕಂಡಿತು. ಕುದುರೆಯನ್ನು ಮೆಲ್ಲಗೆ ಅದೇ ಮನೆಯಲ್ಲಿ ಇಟ್ಟು, ರಾಜನ ಪಕ್ಕದ ಪಾನನ್ನು ಒಂದು ಮನೆ ಮುಂದೆ ತಳ್ಳಿ ಗಡಿಯಾರ ಒತ್ತಿದ.

ಮುಟ್ಟಿದ ಕಾಯಿಯನ್ನು ನಡೆಸಲೇಬೇಕು ಎಂಬುದು ಚೆಸ್ಸಿನ ನಿಯಮ. ಮಕ್ಕಳ ಬಾಯಲ್ಲಿ ಅದು ಟಚ್ ಮೂವ್. ಆ ಕುದುರೆಗೆ ಇದ್ದದ್ದು ಮೂರೇ ಮನೆ. ಎರಡು ಕಡೆ ಹೋದರೆ ಆನೆ ಇಳಿದು ಮೇಟ್. ಮೂರನೆಯ ಕಡೆ ಹೋದರೆ ಪಾನಿನ ಬಾಯಿಗೆ ಕುದುರೆ. ಅವಳು ಕೈ ಎತ್ತಿದ್ದರೆ ಆಟ ಅವಳದಾಗುತ್ತಿತ್ತು. ಅವಳು ನೋಡಿದಳು. ಏನೂ ಹೇಳದೆ ತನ್ನ ನಡೆ ನಡೆದಳು. ಆಮೇಲೆ ಒಂದು ಪಾನು ಹೋಯಿತು, ಹಿಂದೆಯೇ ಇನ್ನೊಂದು. ಸೋತಳು.

ವಾಪಸ್ಸು ಬರುವಾಗ ಜಕ್ಕೂರು ಕೆರೆಯ ಏರಿಯ ಮೇಲೆ ನಡೆದುಕೊಂಡು ಬಂದೆವು. ನೀರಿನಲ್ಲಿ ಹೆಜ್ಜಾರ್ಲೆಗಳಿದ್ದವು. ಚಿಕ್ಕವರು ಅವನ್ನು ಎಣಿಸುತ್ತಿದ್ದರು. ಅವಳು ಆಟವನ್ನೆಲ್ಲ ಬಾಯಲ್ಲೇ ಹೇಳುತ್ತಾ ಬಂದವಳು ಕುದುರೆಯ ಮಾತಿಗೆ ಬಂದಳು.

"ಹೇಳ್ಬೇಕಿತ್ತು ತಾನೇ?" ಎಂದೆ.

"ಪಾಪ ಮಿಸ್, ಗೊತ್ತಿಲ್ದೆ ಮುಟ್ಬಿಟ್ಟ. ಹೋಗ್ಲಿ ಅಂತ ಬಿಟ್ಟೆ."

ನನಗೆ ಕಣ್ಣು ತುಂಬಿ ಬಂತು. ಗೆಲುವನ್ನೇ ಬಿಟ್ಟುಕೊಟ್ಟಳಲ್ಲ, ಇದೇ ಕರುಣೆ, ಇದೇ ಮೈತ್ರಿ ಎಂದೆ. ಮರುದಿನ ಕ್ಲಾಸಿನಲ್ಲಿ ಹೇಳಿದೆ. ಭಾನುವಾರ ನಿಮಗೆ ಹೇಳಿದೆ. ಮುಂದಿನ ವಾರ ಚೆಸ್ ಮಕ್ಕಳ ಮುಂದೆ ಅವಳನ್ನೇ ನಿಲ್ಲಿಸಿ ಹೇಳಿಸಿದೆ.

ಅಲ್ಲಿ ಐದನೇ ಕ್ಲಾಸಿನ ಒಬ್ಬ ಪುಟ್ಟ ಹುಡುಗ ಇದ್ದ. ಅದೇ ಪಂದ್ಯಾವಳಿಯ ಎರಡನೇ ಸುತ್ತಿನಲ್ಲಿ ಅವನಿಗೂ ಅವಳಿಗೂ ಆಟ ಬಿದ್ದಿತ್ತು. ಎದ್ದು ನಿಂತು ಕೇಳಿದ: "ಅಕ್ಕಾ, ಮತ್ತೆ ನಂಗ್ಯಾಕೆ ಬಿಡ್ಲಿಲ್ಲ? ನಾನೂ ಗೊತ್ತಿಲ್ದೆ ತಾನೆ ಮುಟ್ಟಿದ್ದು?"

ಅವನ ಮೇಲೆ ಅವಳು ಟಚ್ ಮೂವ್ ಹೇಳಿದ್ದಳಂತೆ. ಆರ್ಬಿಟರ್ ಬಂದು ಅವನ ಕ್ವೀನನ್ನೇ ನಡೆಸುವಂತೆ ಮಾಡಿದ್ದರಂತೆ. ಅವನು ಸೋತಿದ್ದ.

ಮಕ್ಕಳು ನಕ್ಕರು. ಅವಳು ತಲೆ ತಗ್ಗಿಸಿದಳು. ಎಲ್ಲರೂ ಹೋದ ಮೇಲೆ ಕಾಯಿಗಳನ್ನು ಡಬ್ಬಿಗೆ ತುಂಬುತ್ತಾ ಹೇಳಿದಳು:

"ಪಾಪ ಅನ್ನಿಸ್ಲಿಲ್ಲ ಮಿಸ್. ಭಯ ಆಯ್ತು. ಅವರಮ್ಮ ಗ್ಲಾಸಿನ ಆಕಡೆ ನಿಂತು ನೋಡ್ತಿದ್ರು. ನಮ್ಮಮ್ಮ ಅಲ್ಲೇ ಕೆಲ್ಸ ಮಾಡೋದು. ಕೈ ಎತ್ತಿದ್ರೆ ಎಲ್ರೂ ನನ್ನೇ ನೋಡ್ತಾರೆ ಅನ್ನಿಸ್ತು. ನೀವು ಕರುಣೆ ಅಂದ್ಬಿಟ್ರಿ. ಆಮೇಲೆ ನಿಜ ಹೇಳೋಕಾಗ್ಲಿಲ್ಲ."

ಬಂಧುಗಳೇ, ಅವತ್ತು ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಆ ಮಗು ಹೆದರಿದ್ದು ತಪ್ಪಲ್ಲ. ಅಮ್ಮನ ಕೆಲಸದ ಲೆಕ್ಕ ಹಾಕಿದ್ದು ಬುದ್ಧಿವಂತಿಕೆಯೇ. ತಪ್ಪಾದದ್ದು ಆ ಅಂಜಿಕೆಗೆ ಕರುಣೆ ಎಂದು ಹೆಸರಿಟ್ಟದ್ದು. ಹೆಸರಿಟ್ಟವಳು ನಾನು. ಹೊಗಳಿಕೆಯಿಂದ ಅವಳ ಬಾಯಿ ಕಟ್ಟಿದವಳೂ ನಾನೇ.

ಬುದ್ಧಘೋಷರು ವಿಶುದ್ಧಿಮಗ್ಗದಲ್ಲಿ ಮೈತ್ರಿ, ಕರುಣೆ, ಮುದಿತೆ, ಉಪೇಕ್ಷೆಗಳ ಬಗ್ಗೆ ಹೇಳುವಾಗ ಒಂದೊಂದಕ್ಕೂ ಇಬ್ಬರು ಶತ್ರುಗಳನ್ನು ಹೇಳುತ್ತಾರೆ, ದೂರದವನು ಒಬ್ಬ, ಹತ್ತಿರದವನು ಒಬ್ಬ. ಕರುಣೆಗೆ ಕ್ರೌರ್ಯ ದೂರದ ಶತ್ರು. ಅವನನ್ನು ಯಾರು ಬೇಕಾದರೂ ಗುರುತಿಸಬಹುದು. ಹತ್ತಿರದವನು ಹಾಗಲ್ಲ, ಗುಣದ ವೇಷದಲ್ಲೇ ಪಕ್ಕದಲ್ಲಿ ಕೂತಿರುತ್ತಾನೆ. ಉಪೇಕ್ಷೆಯ ಪಕ್ಕದಲ್ಲಿ ಅಜ್ಞಾನದ ಉದಾಸೀನ ಕೂತಿರುವಂತೆ. ಬುದ್ಧಘೋಷರ ಪಟ್ಟಿಯಲ್ಲಿ ಅಂಜಿಕೆ ಈ ಜಾಗದಲ್ಲಿಲ್ಲ. ಆದರೆ ನಮ್ಮಂಥವರ ಬದುಕಿನಲ್ಲಿ ಕರುಣೆಯ ಪಕ್ಕದ ಚಾಪೆಯ ಮೇಲೆ ಹೆಚ್ಚಾಗಿ ಕೂತಿರುವುದು ಅಂಜಿಕೆಯೇ ಎಂದು ನನಗೆ ಅನ್ನಿಸುತ್ತದೆ. "ಹೋಗಲಿ ಬಿಡು" ಎಂಬ ಮಾತು ಎರಡರ ಬಾಯಲ್ಲೂ ಒಂದೇ ಥರ ಕೇಳುತ್ತದೆ.

ಹಾಗಾದರೆ ಬೇರೆ ಮಾಡುವುದು ಹೇಗೆ? ಆ ಐದನೇ ಕ್ಲಾಸಿನ ಹುಡುಗ ಹೇಗೆಂದು ತೋರಿಸಿಕೊಟ್ಟ. ನಾವು ಯಾರಿಗೆ ಬಿಟ್ಟೆವು, ಯಾರಿಗೆ ಬಿಡಲಿಲ್ಲ ಎಂದು ನೋಡಬೇಕು. ಮೇಲಿನವರಿಗೆ ಕರುಣೆ, ಕೆಳಗಿನವರಿಗೆ ಕಾನೂನು ಎಂದಾದರೆ ಅದು ಕರುಣೆಯಲ್ಲ. ಬಾಬಾಸಾಹೇಬರು ಜಾತಿಯನ್ನು ಶ್ರೇಣೀಕೃತ ಅಸಮಾನತೆ ಎಂದು ಕರೆದರು. ಮೆಟ್ಟಿಲು ಹತ್ತುತ್ತಾ ಹೋದಂತೆ ಗೌರವ, ಇಳಿಯುತ್ತಾ ಬಂದಂತೆ ತಿರಸ್ಕಾರ. ಆ ಮೆಟ್ಟಿಲುಗಳು ಊರಿನಲ್ಲಿ ಮಾತ್ರ ಇವೆ ಎಂದುಕೊಂಡಿದ್ದೆ. ನಮ್ಮ ಸದ್ಗುಣಗಳ ಒಳಗೂ ಇವೆ.

ಇದು ನಮ್ಮ ಹುಡುಗಿಯ ಕತೆ ಮಾತ್ರವಲ್ಲ. 1994ರಲ್ಲಿ ಸ್ಪೇನಿನ ಲಿನಾರೆಸ್‌ನಲ್ಲಿ ಹಂಗೇರಿಯ ಜುಡಿತ್ ಪೋಲ್ಗರ್ ವಿಶ್ವ ಚಾಂಪಿಯನ್ ಗ್ಯಾರಿ ಕಾಸ್ಪರೋವ್ ವಿರುದ್ಧ ಆಡಿದರು. ಆಕೆಗೆ ಆಗ 17 ವರ್ಷ. ಅದೂ ಸಿಸಿಲಿಯನ್ನೇ. ಕಾಸ್ಪರೋವ್ ಅವರದು ಕಪ್ಪು ಕಾಯಿ. 36ನೇ ನಡೆಯಲ್ಲಿ ಅವರು ಕುದುರೆಯನ್ನು ಒಂದು ಮನೆಯಲ್ಲಿಟ್ಟು, ಅಪಾಯ ಕಂಡು, ಎತ್ತಿ ಇನ್ನೊಂದು ಮನೆಯಲ್ಲಿಟ್ಟರು. ಕೈಬೆರಳು ಸೆಕೆಂಡಿನ ಕಾಲು ಭಾಗದಷ್ಟು ಹೊತ್ತು ಕಾಯಿಯಿಂದ ಬಿಟ್ಟಿತ್ತು ಎಂಬುದು ಆಮೇಲೆ ವಿಡಿಯೋದಲ್ಲಿ ಕಂಡಿತು. ಕೈ ಬಿಟ್ಟದ್ದು ತನ್ನ ಅರಿವಿಗೆ ಬಂದಿರಲಿಲ್ಲ ಎಂದು ಕಾಸ್ಪರೋವ್ ಹೇಳಿದರು. ಪೋಲ್ಗರ್ ಆ ಹೊತ್ತಿನಲ್ಲಿ ದೂರು ಕೊಡಲಿಲ್ಲ. ಆಟ ಸೋತರು.

ಯಾಕೆ ಸುಮ್ಮನಿದ್ದಿರಿ ಎಂದಾಗ ಆಕೆ ಕೊಟ್ಟ ಕಾರಣ ನನಗೆ ಮುಖ್ಯ. ಕರುಣೆಯಿಂದ ಎನ್ನಲಿಲ್ಲ, ದೊಡ್ಡತನದಿಂದ ಎನ್ನಲಿಲ್ಲ. ಅಂಥ ದೊಡ್ಡ ಪಂದ್ಯಾವಳಿಗೆ ಮೊದಲ ಸಲ ಕರೆದಿದ್ದರು, ಎದುರಿಗೆ ವಿಶ್ವ ಚಾಂಪಿಯನ್, ಕಹಿ ಬೇಡವೆನಿಸಿತು. ದೂರು ತಳ್ಳಿಹೋದರೆ ತನ್ನ ಸಮಯವೇ ಕಡಿತವಾಗುತ್ತದೆಂಬ ಭಯವೂ ಇತ್ತು ಎಂಬ ಅರ್ಥದ ಮಾತು ಹೇಳಿದರು. ಅಂಜಿಕೆಯನ್ನು ಅಂಜಿಕೆ ಎಂದೇ ಕರೆದರು. 2002ರಲ್ಲಿ ಮಾಸ್ಕೋದಲ್ಲಿ ನಡೆದ ರ‍್ಯಾಪಿಡ್ ಆಟದಲ್ಲಿ ಅದೇ ಕಾಸ್ಪರೋವ್ ಅವರನ್ನು ಆಕೆ ಸೋಲಿಸಿದರು. ಸತ್ಯ ಹೇಳಿದ್ದಕ್ಕೆ ಸಿಕ್ಕ ಫಲ ಅದು ಎಂದು ನಾನು ಹೇಳುವುದಿಲ್ಲ. ತನ್ನ ಭಯದ ಹೆಸರು ಗೊತ್ತಿದ್ದವರು ಮತ್ತೆ ಅದೇ ಮೇಜಿಗೆ ಬಂದು ಕೂತರು, ನನಗೆ ಕಾಣುವುದು ಅಷ್ಟೇ.

ಟಚ್ ಮೂವ್ ನಿಯಮಕ್ಕೆ ಒಂದು ಬಾಲವಿದೆ. ಎದುರಾಳಿ ಮುಟ್ಟಿದ್ದನ್ನು ನೋಡಿಯೂ, ನಡೆಯಬೇಕೆಂದು ನಿಮ್ಮ ಕಾಯಿಯನ್ನು ನೀವು ಮುಟ್ಟಿದಿರೋ, ಅಲ್ಲಿಗೆ ದೂರುವ ಹಕ್ಕು ಹೋಯಿತು. ಹಕ್ಕು ಪುಸ್ತಕದಲ್ಲಿದ್ದರೆ ಸಾಲದು. ಹೊತ್ತಿಗೆ ಸರಿಯಾಗಿ ಒಂದು ಕೈ ಮೇಲೇಳಬೇಕು.

ಇದು ನಮಗೆ ಹೊಸ ಪಾಠವಲ್ಲ. ಸಾರ್ವಜನಿಕ ಕೆರೆ ಬಾವಿಗಳು ಎಲ್ಲರಿಗೂ ತೆರೆದಿರಬೇಕು ಎಂಬ ಬೋಲೆಯವರ ನಿರ್ಣಯ ಬಾಂಬೆ ಶಾಸನ ಸಭೆಯಲ್ಲಿ ಅಂಗೀಕಾರವಾದದ್ದು 1923ರಲ್ಲಿ. ಮಹಾಡದ ಪುರಸಭೆ ತನ್ನ ಚವದಾರ್ ಕೆರೆ ಎಲ್ಲರದೂ ಎಂದು ಒಪ್ಪಿದ್ದು 1924ರಲ್ಲಿ. ಹಕ್ಕು ಕಾಗದದ ಮೇಲಿತ್ತು, ಕೆರೆಯಲ್ಲಿ ನೀರಿತ್ತು. ನಮ್ಮವರು ಆ ನೀರು ಮುಟ್ಟುವಂತಿರಲಿಲ್ಲ. 1927ರ ಮಾರ್ಚ್ 20ರಂದು ಬಾಬಾಸಾಹೇಬರು ಸಾವಿರಾರು ಜನರ ಜೊತೆ ನಡೆದುಹೋಗಿ ಬೊಗಸೆಯಲ್ಲಿ ನೀರೆತ್ತಿದರು. ಆ ದಿನವೇ ನಮ್ಮವರ ಮೇಲೆ ಹಲ್ಲೆಯಾಯಿತು. ಬಾಂಬೆ ಹೈಕೋರ್ಟಿನ ತೀರ್ಪು ನಮ್ಮ ಪರವಾಗಿ ಬರಲು 1937 ಆಗಬೇಕಾಯಿತು. ಮುಟ್ಟಿದರೆ ಮೈಲಿಗೆ ಎಂದ ಸಮಾಜದಲ್ಲಿ ಆ ಕೈ ನೀರನ್ನು ಮುಟ್ಟಿತು, ಮತ್ತೆ ಹಿಂದಕ್ಕೆ ಬರಲಿಲ್ಲ.

ಕೆಲವರು ಕೇಳಬಹುದು: ಎಲ್ಲದಕ್ಕೂ ಕೈ ಎತ್ತುತ್ತಾ ಹೋದರೆ ಧಮ್ಮ ಎಲ್ಲಿ ಉಳಿಯಿತು? ಅದು ಜಗಳಗಂಟತನವಲ್ಲವೇ?

ಬುದ್ಧರು ಸಂಘದೊಳಗೇ ತಪ್ಪು ತೋರಿಸಲು ದಾರಿ ಮಾಡಿಕೊಟ್ಟಿದ್ದಾರೆ. ಇನ್ನೊಬ್ಬ ಭಿಕ್ಖುವಿನ ತಪ್ಪು ಹೇಳುವವನು ಐದು ನೋಡಿಕೊಳ್ಳಬೇಕು: ಸಮಯಕ್ಕೆ ಸರಿಯಾಗಿ, ಸತ್ಯವಾದದ್ದನ್ನು, ಮೃದುವಾಗಿ, ಹಿತಕ್ಕಾಗಿ, ಮೈತ್ರಿಯ ಮನಸ್ಸಿನಿಂದ. ಇದರಲ್ಲಿ ಸುಮ್ಮನಿರು ಎಂಬುದು ಇಲ್ಲ. ಹೇಳು, ಆದರೆ ಹೀಗೆ ಹೇಳು ಎಂದಿದೆ. ಆ ಹುಡುಗನಿಗೂ ಇದರಿಂದ ಹಿತವೇ ಆಗುತ್ತಿತ್ತು. ಮುಟ್ಟಿದ್ದನ್ನು ಮುಟ್ಟಲಿಲ್ಲ ಎನ್ನಬಹುದು, ಎದುರಿಗಿರುವವಳು ಸುಮ್ಮನಿರುತ್ತಾಳೆ ಎಂಬ ಪಾಠ ಕಲಿತು ಅವನು ಮನೆಗೆ ಹೋದ. ಅದು ಅವನಿಗೆ ಒಳ್ಳೆಯದಲ್ಲ.

ಬಾಬಾಸಾಹೇಬರು 1956ರ ಮೇ ತಿಂಗಳಲ್ಲಿ ಬಿಬಿಸಿ ರೇಡಿಯೋದಲ್ಲಿ ತಾವು ಬೌದ್ಧ ಧಮ್ಮವನ್ನು ಯಾಕೆ ಮೆಚ್ಚುತ್ತೇನೆಂದು ಹೇಳುವಾಗ ಕರುಣೆಯನ್ನು ಒಂಟಿಯಾಗಿ ಬಿಡಲಿಲ್ಲ. ಪ್ರಜ್ಞೆ, ಕರುಣೆ, ಸಮತೆ ಮೂರೂ ಒಟ್ಟಿಗೆ ಎಂದರು. ಆ ಮೂರನ್ನು ನಾವು ಬಾಯಿಪಾಠ ಹೇಳುತ್ತೇವೆ. ಯಾಕೆ ಒಟ್ಟಿಗೆ ಎಂಬುದು ನನಗೆ ಅರ್ಥವಾದದ್ದು ಈ ಆಟದಿಂದ. ಸಮತೆ ಇಲ್ಲದ ಕರುಣೆ ಮೇಲಕ್ಕೆ ಹೋದರೆ ಗುಲಾಮಗಿರಿ, ಕೆಳಕ್ಕೆ ಬಂದರೆ ಭಿಕ್ಷೆ. ಪ್ರಜ್ಞೆ ಇಲ್ಲದಿದ್ದರೆ ಯಾವುದು ಯಾವುದೆಂದು ಗೊತ್ತೇ ಆಗುವುದಿಲ್ಲ.

ಬಿಟ್ಟುಕೊಡಬಾರದು ಎಂದು ನಾನು ಹೇಳುತ್ತಿಲ್ಲ. ಕೈ ಎತ್ತಲು ಬಲ್ಲವರು ಎತ್ತದೆ ಇದ್ದರೆ ಅದು ದಾನ. ಎತ್ತಲಾಗದವರು ಎತ್ತದೆ ಇದ್ದರೆ ಅದಕ್ಕೆ ಬೇರೆ ಹೆಸರು. ಕೊಡಬೇಕಾದರೆ ಮೊದಲು ನಮ್ಮದಾಗಿರಬೇಕು.

ಇನ್ನು ನನ್ನ ಲೆಕ್ಕ. ಮೂರು ವರ್ಷದ ಹಿಂದೆ ಬಾಡಿಗೆ ಮನೆ ಬಿಟ್ಟೆವು. ಒಪ್ಪಂದದಲ್ಲಿ ಪೇಂಟಿಂಗ್‌ಗೆ ಒಂದು ತಿಂಗಳ ಬಾಡಿಗೆ ಎಂದಿತ್ತು. ಮಾಲೀಕರು ಅಡ್ವಾನ್ಸಿನಲ್ಲಿ ಮೂರು ತಿಂಗಳದ್ದು ಹಿಡಿದುಕೊಂಡರು. ಮನೆ ಕೇಳಲು ಹೋದ ದಿನ ಅವರು "ನೀವು ಯಾವ ಜನ?" ಎಂದು ಕೇಳಿದ್ದರು. ಬೌದ್ಧರು ಎಂದಿದ್ದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಆಮೇಲೆ ಮನೆ ಕೊಟ್ಟಿದ್ದರು. ಕೊಟ್ಟರಲ್ಲ ಎಂಬ ಋಣ ಹೊತ್ತುಕೊಂಡೇ ಆ ಮನೆಯಲ್ಲಿದ್ದೆ. ಅಡ್ವಾನ್ಸ್ ಮುರಿದುಕೊಂಡಾಗ ಮನೆಯವರು ಕೇಳೋಣ ಎಂದರು. ನಾನು, "ಹೋಗಲಿ ಬಿಡಿ, ವಯಸ್ಸಾದವರು" ಎಂದೆ. ಅದನ್ನೂ ಮನಸ್ಸಿನಲ್ಲಿ ಕರುಣೆಯ ಖಾತೆಗೆ ಬರೆದುಕೊಂಡಿದ್ದೆ. ಅದೇ ವಾರ ಸೊಪ್ಪಿನ ಅಜ್ಜಿಯ ಹತ್ತಿರ ಐದು ರೂಪಾಯಿಗೆ ಜಗಳವಾಡಿದ್ದು ನೆನಪಿದೆ. ಆಕೆಗೂ ವಯಸ್ಸಾಗಿತ್ತು.

ನಮ್ಮ ಹುಡುಗಿ ಕಳೆದ ವಾರ ಯಲಹಂಕದಲ್ಲಿ ಇನ್ನೊಂದು ಪಂದ್ಯಾವಳಿ ಆಡಿದಳು. ಹೋಗುವ ಮುಂಚೆ ಅವಳಿಗೆ ಒಂದೇ ಮಾತು ಹೇಳಿದ್ದೆ: ಭಯವಾದರೆ ಭಯ ಎಂದೇ ಹೇಳು, ನಾನು ಬೈಯುವುದಿಲ್ಲ. ನಾಲ್ಕನೇ ಸುತ್ತಿನಲ್ಲಿ ಅವಳಿಗಿಂತ ದೊಡ್ಡ ಹುಡುಗಿಯೊಬ್ಬಳು ಕಾಯಿ ಮುಟ್ಟಿ ಬಿಟ್ಟಳಂತೆ. ಇವಳು ಗಡಿಯಾರ ನಿಲ್ಲಿಸಿ ಕೈ ಎತ್ತಿದಳು. ಆರ್ಬಿಟರ್ ಬಂದರು. ಆ ಹುಡುಗಿ ಮುಟ್ಟಲಿಲ್ಲ ಎಂದಳು. ನೋಡಿದವರು ಯಾರೂ ಇರಲಿಲ್ಲ. ಆಟ ಮುಂದುವರಿಸಿ ಎಂದರು. ಆಟ ಡ್ರಾ ಆಯಿತು.

ಹೊರಗೆ ಬಂದು ಹೇಳಿದಳು: "ಮಿಸ್, ಕೈ ಎತ್ತಿದೆ. ಒಪ್ಲಿಲ್ಲ." ಆಮೇಲೆ ಒಂದು ಕ್ಷಣ ಬಿಟ್ಟು, "ಆದ್ರೆ ಏನೂ ಆಗ್ಲಿಲ್ಲ ಮಿಸ್."

ನಿನ್ನೆ ರಾತ್ರಿ ನಾನು ಹಳೆಯ ಮಾಲೀಕರಿಗೆ ಒಂದು ಮೆಸೇಜ್ ಕಳಿಸಿದೆ. ಒಪ್ಪಂದದ ಫೋಟೋ ಹಾಕಿ, ಎರಡು ತಿಂಗಳ ಬಾಡಿಗೆ ಬರಬೇಕು, ದಯವಿಟ್ಟು ಕೊಡಿ ಎಂದು ನಾಲ್ಕು ಸಾಲು. ಐದರಲ್ಲಿ ನಾಲ್ಕನ್ನು ಪಾಲಿಸಿದ್ದೇನೆ ಎಂದುಕೊಂಡಿದ್ದೇನೆ. ಸಮಯ ಒಂದು ಮೀರಿದೆ. ಎರಡು ನೀಲಿ ಗೆರೆ ಬಿದ್ದಿವೆ. ಉತ್ತರ ಇನ್ನೂ ಬಂದಿಲ್ಲ.

ಇಂದಿನ ಧ್ಯಾನಕ್ಕೆ ಎರಡು ಪ್ರಶ್ನೆ:
ಈ ವಾರ "ಹೋಗಲಿ ಬಿಡು" ಎಂದು ಯಾರಿಗೆ ಹೇಳಿದೆವು?
ಅದೇ ತಪ್ಪು ನಮಗಿಂತ ಚಿಕ್ಕವರು ಮಾಡಿದ್ದರೆ ಹಾಗೆಯೇ ಹೇಳುತ್ತಿದ್ದೆವೇ?

ನಮೋ ಬುದ್ಧಾಯ. ಜೈ ಭೀಮ್.